ಸಾರಾಳ ಮಗಳು ಎಮ್ಮಾ

ಕುದಿಯುವ ಕಾಯಿಹಾಲಿನ ವಾಸನೆ ಬಂದರೆ ಈಗಲೂ ನನ್ನ ಕಿವಿ ಫೋನಿನ ಸದ್ದಿಗೆ ಕಾಯುತ್ತದೆ. ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಈ ಅಡುಗೆಮನೆಯಲ್ಲಿ, ಆಫೀಸಿನ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಶುಕ್ರವಾರದ ಕೋಳಿ ಸಾರು ತಿರುವುತ್ತ, ನಾನು ಮತ್ತೆ ಹತ್ತು ವರ್ಷದವಳಾಗುತ್ತೇನೆ. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲೊಂದು ಬಾಡಿಗೆ ಮನೆ. ಒಲೆಯ ಮುಂದೆ ಅಮ್ಮನ ಅಮ್ಮ, ನನ್ನ ಅಜ್ಜಿ. ಬೆಂಗಳೂರಿನಲ್ಲಿ ಬೆರಳೆಣಿಕೆಯಷ್ಟಿದ್ದ ಯಹೂದಿ ಮನೆಗಳಲ್ಲಿ ನಮ್ಮದೂ ಒಂದು. ಮಾಂಸಕ್ಕೆ ಹಾಲು ಸೋಕಬಾರದೆಂದು ಅಜ್ಜಿ ಕಾಯಿಹಾಲನ್ನೇ ಹಾಕುತ್ತಿದ್ದಳು. ಸೂರ್ಯ ಮುಳುಗುವುದರೊಳಗೆ ಅಡುಗೆ ಮುಗಿಸಿ ದೀಪ ಹಚ್ಚಿದಳೆಂದರೆ ಸಬ್ಬತ್ ಶುರು. ಶನಿವಾರ ಕತ್ತಲಾಗುವವರೆಗೆ ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಯಾರದಾದರೂ ಜೀವ ಉಳಿಸುವುದಕ್ಕೆ ಮಾತ್ರ ವಿನಾಯಿತಿ.

ಅಮ್ಮನಿಗೋ ಆನ್-ಕಾಲ್ ಕೆಲಸ. ಪಿಜ್ಜಾ ತರಿಸುವ ಆ್ಯಪ್ ಒಂದು ಕೆಟ್ಟು ನಿಂತರೆ ಹೊತ್ತುಗೊತ್ತಿಲ್ಲದೆ ಸರಿಮಾಡಬೇಕು. ಅಜ್ಜಿಗೆ ಗೊತ್ತಿದ್ದದ್ದು ಅದೇನೋ ಕಂಪ್ಯೂಟರ್ ಕೆಲಸ ಎಂದಷ್ಟೇ. ಅಪ್ಪ ತೀರಿಹೋಗಿದ್ದರು, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ, ಮೂವರ ವೀಸಾ ಆ ಕಂಪನಿಯ ಕೈಯಲ್ಲಿತ್ತು. ಹಿಂದಿನ ತಿಂಗಳ ಒಂದು ಶುಕ್ರವಾರ ಫೋನ್ ಎತ್ತಲಿಲ್ಲವೆಂದು ಮ್ಯಾನೇಜರ್ ಎಚ್ಚರಿಸಿದ್ದ. ಇನ್ನೊಂದು ಸಲ ಹಾಗಾದರೆ ನಾವು ಗಂಟುಮೂಟೆ ಕಟ್ಟಬೇಕಿತ್ತು.

ಜೂನ್ ತಿಂಗಳ ಚಳಿ, ಐದು ಗಂಟೆಗೇ ಸೂರ್ಯ ಮುಳುಗುವ ಕಾಲ. ಅಜ್ಜಿ ದೀಪ ಹಚ್ಚಿ ಕೂತಿದ್ದಳಷ್ಟೇ, ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅಮ್ಮ ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ನಿಂತಿತು. ಮತ್ತೆ ಶುರುವಾಯಿತು.

"ಯಾರ ಜೀವಕ್ಕಾದ್ರೂ ಕುತ್ತು ಬಂದಿದ್ಯೇನೇ?" ಎಂದಳು ಅಜ್ಜಿ.

ದೀಪದ ಮುಂದೆ ಸುಳ್ಳಾಡುವವಳಲ್ಲ ಅಮ್ಮ. ತಲೆ ತಗ್ಗಿಸಿದಳು. ನಾನೇ ಬಾಯಿ ತೆರೆದೆ. "ಹೌದಜ್ಜಿ, ಆಸ್ಪತ್ರೆದು. ಅಲ್ಲಿ ಕಂಪ್ಯೂಟರ್ ಕೆಟ್ಟಿದೆ. ಒಂದು ಹುಡುಗಿಗೆ ಸೀರಿಯಸ್ಸು."

"ಅಯ್ಯೋ, ಮತ್ತೆ ಗೊಂಬೆ ಥರ ಕೂತಿದ್ದೀಯಲ್ಲೇ," ಎಂದು ಗದರಿ, ಸಬ್ಬತ್ತಿನಲ್ಲಿ ಲೈಟಿನ ಸ್ವಿಚ್ಚೂ ಮುಟ್ಟದ ಅಜ್ಜಿ ತಾನೇ ಫೋನ್ ಎತ್ತಿ ಅಮ್ಮನ ಕೈಗೆ ತುರುಕಿದಳು. ಅಮ್ಮ ನನ್ನನ್ನೊಮ್ಮೆ ನೋಡಿ ರೂಮಿಗೆ ಹೋದಳು. ಆ ವಿಷಯವನ್ನು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಜ್ಜಿ ಪ್ರಾರ್ಥನೆಯ ಪುಸ್ತಕ ತೆಗೆದು ಆ ಮಗುವಿನ ಹೆಸರು ಕೇಳಿದಳು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳ ಹೆಸರು ಹೇಳಿದೆ, ಎಮ್ಮಾ. ನಮ್ಮಲ್ಲಿ ಕಾಯಿಲೆಯವರಿಗೆ ಬೇಡಿಕೊಳ್ಳುವಾಗ ತಾಯಿಯ ಹೆಸರೂ ಬೇಕು. ಗೊತ್ತಿಲ್ಲವೆಂದು ತಲೆಯಾಡಿಸಿದೆ. "ಪರವಾಗಿಲ್ಲ ಪುಟ್ಟಿ. ಸಾರಾ ನಮ್ಮ ಕುಲಕ್ಕೆಲ್ಲ ಮೂಲತಾಯಿ ಅಲ್ವಾ. ಸಾರಾ ಮಗಳು ಎಮ್ಮಾ ಅಂದ್ರೆ ಸಾಕು."

ಅಂದಿನಿಂದ ಪ್ರತಿ ಶುಕ್ರವಾರ ಆ ಹೆಸರು. ಪಿಆರ್ ಬಂತು, ನಾನು ಓದಿ ಅಮ್ಮನದೇ ಕಸುಬು ಹಿಡಿದು ಸಿಡ್ನಿಗೆ ಬಂದೆ. ಹಬ್ಬಕ್ಕೆ ಹೋದಾಗಲೆಲ್ಲ ಅಜ್ಜಿ ಕೇಳುವಳು, "ಎಮ್ಮಾ ಸುದ್ದಿ ಏನಾದ್ರೂ ಗೊತ್ತಾಯ್ತಾ?" ಇಲ್ಲಜ್ಜಿ ಎನ್ನುತ್ತಿದ್ದೆ. "ಗೊತ್ತಾಗೋವರೆಗೂ ಬೇಡ್ಕೊಳ್ತೀನಿ ಬಿಡು." ಅವಳು ಬಡಿಸಿದ ಸಾರನ್ನು ಅರ್ಧಕ್ಕೇ ಬಿಟ್ಟು ನಾನು ತಟ್ಟೆ ತೊಳೆಯಲು ಏಳುತ್ತಿದ್ದೆ.

ಹೋದ ವರ್ಷ ಅವಳು ಆಸ್ಪತ್ರೆ ಸೇರಿದಾಗ, ಈ ಸಲ ಹೇಳಿಯೇಬಿಡಬೇಕೆಂದು ಶುಕ್ರವಾರದ ಫ್ಲೈಟ್ ಹಿಡಿದೆ. ವಾರ್ಡಿನಲ್ಲಿ ಬೆಂಕಿ ಕೂಡದೆಂದು ನರ್ಸ್ ಬ್ಯಾಟರಿಯ ದೀಪ ಇಟ್ಟಿದ್ದಳು. ಪುಸ್ತಕ ಎದೆಯ ಮೇಲಿತ್ತು, ತುಟಿಯಲ್ಲಿ ಅದೇ ಹೆಸರು. "ಅಜ್ಜಿ, ಎಮ್ಮಾ ವಿಷ್ಯ..." ಎಂದೆ. ಕಣ್ಣು ಫಳ್ಳನೆ ತೆರೆಯಿತು. "ವಾಸಿ ಆದ್ಲಾ?"

"ಆದ್ಲಜ್ಜಿ. ಮನೆಗೆ ಹೋದ್ಲು."

"ಸದ್ಯ. ಹಾಗಾದ್ರೆ ನನ್ನ ಕೆಲ್ಸ ಮುಗೀತು," ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಮಂಗಳವಾರ ನಮ್ಮನ್ನು ಬಿಟ್ಟು ಹೊರಟುಹೋದಳು.

ಹೇಡಿ ನಾನು. ನಿಜ ಹೇಳುವ ಧೈರ್ಯವಿಲ್ಲದಿದ್ದರೆ ಹೋಗಲಿ, ಹಳೆಯ ಸುಳ್ಳನ್ನೇ ಹೇಳಬಹುದಿತ್ತು. ಇನ್ನೂ ಗೊತ್ತಾಗಿಲ್ಲ ಅಜ್ಜಿ ಎಂದಿದ್ದರೆ ಅವಳು ಇನ್ನೊಂದು ಶುಕ್ರವಾರ ಕಾಯುತ್ತಿದ್ದಳು.