ಹೆಸರು ಕೇಳದ ಮಾವ

ಟೆಲಿಫೋನಿನ ಗಂಟೆ ಹೊಡೆಯಿತೆಂದರೆ ನಮ್ಮ ಮಾವ ಮೊದಲು ರುಮಾಲು ಹುಡುಕುತ್ತಿದ್ದರು. ಗೂಟಕ್ಕೆ ಹಾಕಿದ್ದ ಅದನ್ನು ತೆಗೆದು, ಒಮ್ಮೆ ಕೊಡವಿ, ತಲೆಗೆ ಸುತ್ತಿ, ತುದಿಯನ್ನು ಸಿಕ್ಕಿಸಿ, ಕಾಲಿನ ಚಪ್ಪಲಿಗಳನ್ನು ಗೋಡೆಯ ಮಗ್ಗುಲಿಗೆ ಬಿಟ್ಟು, ಹಣೆಯ ವಿಭೂತಿ ಸರಿಯಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಂಡು, ಆಮೇಲೆ ಫೋನಿನ ಕಡೆಗೆ ಹೆಜ್ಜೆ ಹಾಕುವರು. ಅಷ್ಟು ಹೊತ್ತಿಗೆ ಎಷ್ಟೋ ಸಲ ಗಂಟೆ ನಿಂತು ಹೋಗಿರುತ್ತಿತ್ತು. "ಹೋದ್ರು ನೋಡು, ಪಾಪ. ಇನ್ನೊಂಚೂರು ತಡದಿದ್ರ ಏನಾಗ್ತಿತ್ತು?" ಎಂದು ಪೇಚಾಡುವರು, ಕರೆದವರದೇ ತಪ್ಪು ಎಂಬಂತೆ. ನಾನು ಒಳಬಾಗಿಲ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ಹೊಸಪೇಟೆಯಲ್ಲಿ ಮಾವ ಚನ್ನಬಸಪ್ಪನವರದು ಬಾಳೆಕಾಯಿ ಮಂಡಿ. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಕಮಲಾಪುರ, ಕಡ್ಡಿರಾಂಪುರದ ತೋಟಗಳಿಂದ ಗೊನೆ ಕಡಿಸಿ, ಗಾಡಿಯಲ್ಲಿ ತರಿಸಿ, ರೈಲಿಗೆ ಹಾಕಿ ಬಳ್ಳಾರಿ, ಗದಗಿನ ವ್ಯಾಪಾರಿಗಳಿಗೆ ಕಳಿಸುವುದು ಕೆಲಸ. ಬಾಳೆಗೊನೆಯ ವ್ಯಾಪಾರ ಜೋಳದ ವ್ಯಾಪಾರದ ಹಾಗಲ್ಲ. ಜೋಳ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಕಡಿದ ಗೊನೆ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಎರಡನೆಯ ಮಹಾಯುದ್ಧ ಶುರುವಾಗಿ, ಪತ್ರಗಳು ತಡವಾಗಿ, ವ್ಯಾಗನ್ನುಗಳು ಇಂದು ಇದ್ದರೆ ನಾಳೆ ಇಲ್ಲ ಎನ್ನುವಂತಾದಾಗ, ನಮ್ಮ ಮನೆಯವರು ತಮ್ಮಪ್ಪನೊಡನೆ ಹಟ ಹಿಡಿದು ಟೆಲಿಫೋನು ಹಾಕಿಸಿದರು. ಹಾಕಿಸಿ ತಾವು ದಿನವಿಡೀ ತೋಟ, ಗೂಡ್ಸ್ ಶೆಡ್ಡು ಎಂದು ತಿರುಗುವರು. ಫೋನು ಎತ್ತುವ ಪಾಳಿ ಮಾವನದಾಯಿತು.

ನಾನು ಸ್ಟೇಷನ್ ಮಾಸ್ತರರ ಮಗಳು. ನಮ್ಮಪ್ಪನ ಕೋಣೆಯಲ್ಲಿ ಗೋಡೆಗೊಂದು ರೈಲ್ವೆ ಟೆಲಿಫೋನು ಇತ್ತು. ಎತ್ತಿದೊಡನೆ ಊರಿನ ಹೆಸರು, ಆಮೇಲೆ ವಿಷಯ, ಕೇಳಿದ್ದನ್ನು ತಿರುಗಿ ಒಮ್ಮೆ ಹೇಳುವುದು, ಮುಗಿಯಿತು. ಹಾಗೆ ಮಾಡದಿದ್ದರೆ ಎರಡು ರೈಲು ಒಂದೇ ಹಳಿಯ ಮೇಲೆ ಬರುತ್ತವೆ ಎಂದು ಅಪ್ಪ ಹೇಳುತ್ತಿದ್ದರು. ಅಂಥ ಮನೆಯಿಂದ ಬಂದವಳು ನಾನು, ಬಂದು ಸೇರಿದ್ದು ಈ ಮನೆಗೆ.

ಮಾವ ಫೋನು ಎತ್ತಿದರೆ ಹೇಗಿರುತ್ತಿತ್ತೆಂದರೆ, "ಬರ್ರಿ, ಬರ್ರಿ, ಕುಂದ್ರಿ! ಆರಾಮದೀರೇನ್ರಿ? ನಿಮ್ಮ ಕಡೀಗೆ ಮಳಿ ಹೆಂಗೈತ್ರಿ? ಮನ್ಯಾಗ ಎಲ್ಲಾರೂ ಚಲೋ ಅದಾರಿಲ್ಲ? ಊಟ ಆತ್ರಿ?" ಆ ಕಡೆಯವನು ಟ್ರಂಕ್ ಕಾಲಿಗೆ ಬೆಳಗಿನಿಂದ ಕಾದು ಕೂತಿದ್ದವನು. ಅವನು ಬಾಯಿ ತೆರೆಯುವುದರೊಳಗೆ ಮಾವ ಅವನ ದನಕರುಗಳ ಯೋಗಕ್ಷೇಮ ವಿಚಾರಿಸಿ ಮುಗಿಸಿರುತ್ತಿದ್ದರು. ಎಕ್ಸ್‌ಚೇಂಜಿನವರು ಕೊಟ್ಟ ಮೂರು ನಿಮಿಷ ಮುಗಿಯುವ ಹೊತ್ತಿಗೆ ಅವನು ಹೇಗೋ ಇಷ್ಟು ಗೊನೆ, ಇಂಥ ರೈಲು ಎಂದು ಕೂಗಿ ಹೇಳುವನು. ಮಾವ "ಆಗ್ಲಿ, ಆಗ್ಲಿ, ನಿಮ್ಮ ಮನೀನ ಅಂತ ತಿಳ್ಕೊಳ್ರಿ" ಅನ್ನುವರು. ಫೋನು ಇಟ್ಟು, ರುಮಾಲು ತೆಗೆದು, ತೃಪ್ತಿಯಿಂದ ಎಲೆಅಡಿಕೆ ಹಾಕಿಕೊಳ್ಳುವರು.

ಕರೆದವರು ಯಾರು? ಅದು ಮಾತ್ರ ಗೊತ್ತಿರುತ್ತಿರಲಿಲ್ಲ.

ಏಕೆಂದರೆ ಮಾವ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಬಾಗಿಲಿಗೆ ಬಂದವರನ್ನು 'ನೀವು ಯಾರು' ಎಂದು ಕೇಳುವುದು ಅವರ ಪಾಲಿಗೆ ಊಟಕ್ಕೆ ಎಲೆ ಹಾಕಿ ಎಬ್ಬಿಸಿದಷ್ಟೇ ಕೆಟ್ಟದ್ದು. ಜಂಗಮನಾಗಲಿ, ದಾರಿಹೋಕನಾಗಲಿ, ಬಂದವನಿಗೆ ಮೊದಲು ಕಾಲಿಗೆ ನೀರು, ಕುಡಿಯಲು ನೀರು, ಒಂದು ಚೂರು ಬೆಲ್ಲ. ಅವನೇ ತಾನಾಗಿ ಊರು, ಹೆಸರು ಹೇಳಿದರೆ ಕೇಳುವುದು, ಇಲ್ಲವಾದರೆ ಉಂಡು ಹೋಗಲಿ ಎಂದು ಬಿಡುವುದು. ಅವರಪ್ಪ, ಅವರಜ್ಜ ಹಾಗೆ ಮಾಡಿದ್ದರು. ಫೋನಿನಲ್ಲಿ ಬಂದವನೂ ಬಂದವನೇ ಎನ್ನುವುದು ಇವರ ನ್ಯಾಯ. "ಮನೀಗೆ ಬಂದೋರ್ನ ನೀ ಯಾರು ಅನ್ನಾಕ ನಾನೇನು ಪೊಲೀಸನೇನು?" ಎಂದು ಒಮ್ಮೆ ನಮ್ಮ ಮನೆಯವರ ಮೇಲೆ ರೇಗಿದ್ದರು.

ಸೊಸೆ ಮಾವನೆದುರು ಬಾಯಿ ಬಿಡುವ ಕಾಲವಲ್ಲ ಅದು. ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲಬೇಕು, ಏನಾದರೂ ಇದ್ದರೆ ಅತ್ತೆಯ ಕೈಲಿ ಹೇಳಿಸಬೇಕು. ಹೀಗಾಗಿ ನಮ್ಮ ಮನೆಯೊಳಗೇ ಒಂದು ಎಕ್ಸ್‌ಚೇಂಜ್ ನಡೆಯುತ್ತಿತ್ತು. ನಾನು ಅತ್ತೆಗೆ ಹೇಳುವೆ: "ಅತ್ತಿ, ಹೆಸರು ಕೇಳ್ರಿ ಅಂತ ಹೇಳ್ರಿ." ಅತ್ತೆ ಬಾಗಿಲಲ್ಲೇ ನಿಂತು, "ಹೆಸರು ಕೇಳ್ಬೇಕಂತ, ಸೊಸಿ ಅಂತಾಳ" ಅನ್ನುವರು. ನಾಲ್ಕು ಮೊಳ ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಾವ, "ಕೇಳಬಾರ್ದು ಅಂತ ಆಕೀಗೆ ಹೇಳು" ಅನ್ನುವರು. ಅತ್ತೆ ನನ್ನ ಕಡೆ ತಿರುಗಿ, "ಕೇಳಬಾರ್ದಂತವಾ" ಅನ್ನುವರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಆಗಬೇಕಾದದ್ದು ಆಗಿಯೇ ಆಯಿತು. ಒಂದು ದಿನ ಯಾರೋ ಕರೆದು ಎರಡು ಗಾಡಿ ಗೊನೆ ಬೇಕೆಂದರು. ಸಂಜೆ ನಮ್ಮ ಮನೆಯವರು ಬಂದು ಯಾರಿಗೆ ಎಂದು ಕೇಳಿದರೆ, ಮಾವ ಕಣ್ಣು ಮುಚ್ಚಿ ನೆನೆದು, "ಧ್ವನಿ ರುದ್ರಪ್ಪನ್ದ ಹಂಗಿತ್ತು" ಅಂದರು. ಆ ಕಾಲದ ಫೋನಿನಲ್ಲಿ ಎಲ್ಲರ ಧ್ವನಿಯೂ ಕೊಡದೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಗೊನೆಗಳು ಬಳ್ಳಾರಿಯ ರುದ್ರಪ್ಪನವರಿಗೆ ಹೋದವು. ಕರೆದಿದ್ದವರು ಗದಗಿನ ಮಲ್ಲೇಶಪ್ಪ, ಅದೂ ಯಾರದೋ ಮದುವೆಗೆ. ಅಲ್ಲಿ ಎಲೆಯ ಮೇಲೆ ಒಂದು ಹಣ್ಣಿಲ್ಲದೆ ಪಂಕ್ತಿ ಎದ್ದಿತು. ಇತ್ತ ಬಳ್ಳಾರಿಯ ಗೋದಾಮಿನಲ್ಲಿ ಕೇಳದ ಹಣ್ಣು ಕೊಳೆತು ನೊಣ ಮುತ್ತಿತು. ಮಲ್ಲೇಶಪ್ಪ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ರುದ್ರಪ್ಪ ತಾವೇ ರೈಲು ಹತ್ತಿ ಬಂದರು. ಬಂದವರಿಗೆ ನೀರು, ಬೆಲ್ಲ, ರೊಟ್ಟಿ ಊಟ ಎಲ್ಲ ಆಯಿತು. ಕೈ ತೊಳೆದು ಕೂತು, "ಸಾವ್ಕಾರ್ರ, ಫೋನಿನಾಗ ರುದ್ರಪ್ಪ ಅದೀರೇನ್ರಿ ಅಂತ ಒಂದ್ ಮಾತು ಕೇಳಿದ್ರ ಇದೆಲ್ಲಾ ಆಗ್ತಿತ್ತೇನ್ರಿ?" ಅಂದರು.

ಮಾವ ಕಕ್ಕಾಬಿಕ್ಕಿಯಾಗಿ, "ನಿಮ್ಮ ಹೆಸರು ನನಗ ಗೊತ್ತೈತಲ್ರೀ!" ಅಂದರು.

ರುದ್ರಪ್ಪ ಎದ್ದು, "ಇನ್ನೊಮ್ಮೆ ಹಿಂಗಾದ್ರ ನಾ ನೆಟ್ಟಗ ಕಮಲಾಪುರಕ್ಕ ಹೋಗಿ ತ್ವಾಟದೋರ ಕೂಡ ಮಾತಾಡ್ತೀನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಹೊರಟರು. ನಮ್ಮ ಮಂಡಿಯ ಅರ್ಧಕ್ಕಿಂತ ಹೆಚ್ಚು ಗೊನೆ ಕೊಳ್ಳುತ್ತಿದ್ದವರೇ ಅವರು. ಅವರು ಹೋದರೆ ಮಂಡಿಗೆ ಬೀಗ ಹಾಕುವುದೊಂದೇ ಬಾಕಿ ಎಂದು ನಮ್ಮ ಮನೆಯವರು ಆ ದಿನ ಊಟ ಬಿಟ್ಟು ಮಲಗಿದರು.

ಮಾವನನ್ನು ತಿದ್ದಲಾಗದಿದ್ದರೆ ಕರೆಯುವವರನ್ನಾದರೂ ತಿದ್ದೋಣ ಎಂದು ನಾನು ಯೋಚಿಸಿದೆ. ವ್ಯಾಪಾರಿಗಳಿಗೆಲ್ಲ ಕಾರ್ಡು ಬರೆದು ಗಂಡನ ಕೈಯಲ್ಲಿ ಅಂಚೆಗೆ ಹಾಕಿಸಿದೆ: ದಯವಿಟ್ಟು ಮೊದಲು ತಮ್ಮ ಹೆಸರು, ಊರು ಹೇಳಿ, ಆಮೇಲೆ ಮಾತಾಡಬೇಕು. ಫೋನನ್ನು ಮಂಡಿಯ ಗಾದಿಯ ಬಳಿಯಿಂದ ಎತ್ತಿಸಿ ಒಳಬಾಗಿಲ ಪಕ್ಕದ ಗೋಡೆಗೆ ಹಾಕಿಸಿದೆ, ಆ ಕಡೆಯ ಕೂಗು ನನಗೂ ಅಷ್ಟಿಷ್ಟು ಕೇಳಲಿ ಎಂದು. ಇದಕ್ಕಿಂತ ಒಳ್ಳೆಯ ಏರ್ಪಾಟು ಬಳ್ಳಾರಿಯ ಕಲೆಕ್ಟರ್ ಕಚೇರಿಯಲ್ಲೂ ಇರಲಿಕ್ಕಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಕರೆ ಬಂತು. ರುಮಾಲು ಏರಿತು. ಆ ಕಡೆಯವರು ಪಾಪ, ಕಾರ್ಡಿನಲ್ಲಿ ಬರೆದಂತೆ, "ನಾನ್ರಿ..." ಎಂದು ಶುರು ಮಾಡಿದರು. ಮಾವ ಬೆಂಕಿ ಮುಟ್ಟಿದವರಂತೆ, "ಇರ್ಲಿ, ಇರ್ಲಿ! ಹೇಳಬ್ಯಾಡ್ರಿ! ನಿಮ್ಮನ್ನ ನೀವ್ ಯಾರಂತ ಕೇಳೋ ಮಂದಿ ನಾವಲ್ರಿ. ಕುಂದ್ರಿ ಮೊದ್ಲು" ಎಂದು ಅವರ ಬಾಯಿ ಮುಚ್ಚಿಸಿದರು. ಫೋನು ಇಟ್ಟ ಮೇಲೆ ಅತ್ತೆಯ ಹತ್ತಿರ, "ತಮ್ಮ ಹೆಸರು ತಾವ ಒದರೋ ಗತಿ ಬಂತಲ್ಲ ಅವ್ರಿಗೆ. ಯಾರ್ ಕಲಿಸ್ಯಾರೋ ಏನೋ" ಎಂದು ನಿಟ್ಟುಸಿರು ಬಿಟ್ಟರು. ಅತ್ತೆ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ನೋಡಿದೆ. ಆ ಸಿಟ್ಟಿನಲ್ಲಿ ಆವತ್ತು ತಟ್ಟಿದ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ.

ಆಮೇಲೆ ಆ ಬೆಳಿಗ್ಗೆ. ಕಮಲಾಪುರದಲ್ಲಿ ಗೊನೆ ಕಡಿಯಲು ಆಳುಗಳು ಹೋಗಿದ್ದರು, ಎಲ್ಲವೂ ರುದ್ರಪ್ಪನವರಿಗೆ. ಫೋನಿನ ಗಂಟೆ ಹೊಡೆಯತೊಡಗಿತು. ರುಮಾಲು ಹಿಂದಿನ ದಿನ ಒಗೆದು ಹಿತ್ತಲಲ್ಲಿ ಹರವಿತ್ತು. ಮಾವ ಅದನ್ನು ತರಲು ಹಿತ್ತಲಿಗೆ ಓಡಿದರು. ಗಂಟೆ ಹೊಡೆಯುತ್ತಲೇ ಇತ್ತು. ನನ್ನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. ಸೆರಗು ಎಳೆದುಕೊಂಡು, ಬಾಗಿಲು ದಾಟಿ, ಫೋನು ಎತ್ತಿದೆ.

"ಯಾರು ಮಾತಾಡೋದು? ಎಲ್ಲಿಂದ?"

ಆ ಮಂಡಿಯಲ್ಲಿ ಆ ಪ್ರಶ್ನೆ ಯಾರೂ ಕೇಳಿದ್ದಿಲ್ಲ, ಅದೂ ಹೆಂಗಸಿನ ಧ್ವನಿಯಲ್ಲಿ. ಆ ಕಡೆಯವರು ತಡವರಿಸುತ್ತ, "ರುದ್ರಪ್ಪ ಅದೀನಮ್ಮ, ಬಳ್ಳಾರಿಯಿಂದ. ವ್ಯಾಗನ್ನೆಲ್ಲಾ ಮಿಲಿಟ್ರಿಯೋರು ಹಿಡಕೊಂಡಾರ. ಗೊನಿ ಕಡೀಬ್ಯಾಡ್ರಿ ಅಂತ ಹೇಳಮ್ಮ. ನಾಡದು ಸಿಗತಾವಂತ" ಅಂದರು. ನಾನು ಕೇಳಿದ್ದನ್ನು ತಿರುಗಿ ಒಮ್ಮೆ ಹೇಳಿ, ಹೌದೆನ್ನಿಸಿಕೊಂಡು, ಇಟ್ಟೆ.

ತಿರುಗಿ ನೋಡಿದರೆ ಮಾವ ಅರ್ಧ ಸುತ್ತಿದ ಒದ್ದೆ ರುಮಾಲಿನಲ್ಲಿ ನಿಂತಿದ್ದರು. ಅತ್ತೆ ಹತ್ತಿರ ಇರಲಿಲ್ಲ. ನೇರವಾಗಿ ಹೇಳದೆ ಬೇರೆ ದಾರಿಯಿರಲಿಲ್ಲ. "ಮಾವಾರ, ಗೊನಿ ಕಡೀಬಾರ್ದಂತ್ರಿ. ಜಲ್ದಿ ಯಾರ್ನರ ಕಳಸ್ರಿ" ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಒಳಗೆ ಎಲ್ಲೋ ಇದ್ದ ಅತ್ತೆಗೆ ಕೂಗಿ ಹೇಳಿದರು: "ನೀಲವ್ವಾ, ಊಟ ಆತೇನ್ರಿ ಅಂತ ರುದ್ರಪ್ಪನ್ನ ಕೇಳಿದ್ಲೇನು ಕೇಳು ಆಕಿನ್ನ!"

ಎಂಥ ಮನುಷ್ಯ! ನನಗೆ ಅಳುವೂ ಬಂತು, ನಗುವೂ ಬಂತು. ಆದರೂ ಅವರು ಸೈಕಲ್ಲಿನ ಮೇಲೆ ಆಳನ್ನು ಓಡಿಸಿದರು. ಒಂದು ತೋಟದಲ್ಲಿ ಕುಡುಗೋಲು ಬಿದ್ದಾಗಿತ್ತು, ಉಳಿದವು ಉಳಿದವು. ರುದ್ರಪ್ಪನೂ ಉಳಿದರು, ಮಂಡಿಯೂ ಉಳಿಯಿತು.

ಮರುದಿನದಿಂದ ಫೋನು ನನ್ನದಾಯಿತು. ಯಾರೂ ಹಾಗೆಂದು ಹೇಳಲಿಲ್ಲ. ಗಂಟೆಯಾದರೆ ಮಾವ ಕೂತಲ್ಲೇ ಕೂತಿರುವರು, ನಾನು ಎತ್ತುವೆ, ಅಷ್ಟೆ. ಊರಲ್ಲಿ ಸುದ್ದಿಯಾಯಿತು. ಚನ್ನಬಸಪ್ಪನ ಸೊಸೆ ಗಂಡಸರ ಕೂಡ ತಂತಿಯಲ್ಲಿ ಮಾತಾಡುತ್ತಾಳಂತೆ ಎಂದು. ಮಾವನ ದಾಯಾದಿಯೊಬ್ಬರು ಬಂದು ಮಂಡಿಯಲ್ಲಿ ಕೂತು, "ಮನಿತನದ ಮರ್ಯಾದಿ ನೋಡ್ಕೋಬೇಕು ಅಣ್ಣಾ" ಎಂದು ನನಗೆ ಕೇಳುವಂತೆಯೇ ಅಂದರು. ಮಾವ ಎಲೆಗೆ ಸುಣ್ಣ ಹಚ್ಚುತ್ತ, "ಗಂಡಸ್ರು ಇಲ್ದಾಗ ಬಾಗಲಿಗೆ ಬಂದೋರ್ಗೆ ಹೆಣ್ಮಗಳು ಬರ್ರಿ ಅನ್ನೂದಿಲ್ಲೇನೋ? ನಿನ್ನ ಮನ್ಯಾಗ ಹಂಗ ಹೊರಗ ನಿಂದ್ರಿಸ್ತೀರೇನು?" ಅಂದರು. ದಾಯಾದಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಒಳಗೆ ನಿಂತಿದ್ದ ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟು ಪ್ರೀತಿ ಆ ಮನುಷ್ಯನ ಮೇಲೆ ನನಗೆ ಅದುವರೆಗೆ ಹುಟ್ಟಿರಲಿಲ್ಲ.

ಆ ಪ್ರೀತಿ ಮುಂದಿನ ಕರೆಯವರೆಗೆ ಉಳಿಯಿತು. ನಾನು ಗೊನೆಯ ಲೆಕ್ಕ ಕೇಳುತ್ತಿದ್ದರೆ ಪಕ್ಕದಿಂದ ಅತ್ತೆಯ ಮೂಲಕ ಮಾವನ ಪ್ರಶ್ನೆ ಒಂದೊಂದೇ ಬರುತ್ತಿತ್ತು: "ಅವ್ರ ಮಗಳು ಬಾಣಂತನಕ್ಕ ಬಂದಾಳೇನು ಕೇಳು ಅನ್ನು." "ಮಂಡಿನೋವು ಹೆಂಗೈತಿ ಕೇಳು ಅನ್ನು." ಆ ಕಿವಿಯಲ್ಲಿ ರೈಲಿನ ಸುದ್ದಿ, ಈ ಕಿವಿಯಲ್ಲಿ ಮಂಡಿನೋವು. ಒಂದು ಸಲ ತಪ್ಪಿ ಮಂಡಿನೋವಿನ ಲೆಕ್ಕವನ್ನೇ ತಿರುಗಿ ಹೇಳಿಬಿಟ್ಟೆ. ಆ ಕಡೆಯವರು ನಕ್ಕರು, ಮಾವ ಗೆದ್ದವರ ಹಾಗೆ ಕೂತರು.

ಕೆಲವು ವರ್ಷಗಳ ಮೇಲೆ ಅವರಿಗೆ ಕೆಮ್ಮು ಹಿಡಿಯಿತು. ಕಂಪ್ಲಿಯಲ್ಲಿ ನಾದಿನಿ ಗಂಗಕ್ಕನ ಗಂಡನದು ಅಕ್ಕಿ ಗಿರಣಿ, ಅಲ್ಲೂ ಒಂದು ಫೋನಿತ್ತು. ಹೊಳೆಯ ಗಾಳಿ ಒಳ್ಳೆಯದೆಂದು ಅತ್ತೆಯೊಡನೆ ಅಲ್ಲಿಗೆ ಹೋದರು. ನಾವು ನೋಡಲು ಹೋದಾಗ ಗಿರಣಿಯ ಹಿಂದಿನ ಪಡಸಾಲೆಯಲ್ಲಿ ಮಲಗಿದ್ದರು, ಕೈಯೆಲ್ಲ ಎಲುಬು. ಅತ್ತೆ ಒಳಗಿದ್ದರು, ನಡುವೆ ಹೇಳುವವರು ಯಾರೂ ಇರಲಿಲ್ಲ. ಮೊದಲ ಸಲ ನನ್ನನ್ನೇ ನೋಡಿ ಮಾತಾಡಿದರು.

"ನೀ ಯಾಕ ಬಂದಿ? ಅಲ್ಲಿ ಫೋನಿಗೆ ಯಾರದಾರ?"

"ನಿಮ್ಮನ್ನ ನೋಡಾಕ ಬಂದೀನ್ರಿ, ಮಾವಾರ."

"ನೋಡಿದಿಲ್ಲ? ಹೊಂಡು ಇನ್ನ. ಯಾರರ ಕರ್ದು ಕರ್ದು ಹೊಳ್ಳಿ ಹೋಗ್ತಾರ."

ಅಷ್ಟು ದೂರದಿಂದ ಬಂದವಳಿಗೆ ಇಷ್ಟೇ ಮಾತು! ನನಗೆ ಸಿಟ್ಟು ಬಂತು. ತಂದಿದ್ದ ಹಣ್ಣು ಗಂಗಕ್ಕನ ಕೈಗೆ ಕೊಟ್ಟು, ಆ ಸಂಜೆಯ ಬಸ್ಸಿಗೇ ಹೊಸಪೇಟೆಗೆ ಮರಳಿದೆ. ದಾರಿಯುದ್ದಕ್ಕೂ ಗಂಡನ ಮೇಲೆ ಅದನ್ನೇ ಹೇಳಿ ರೇಗಿದೆ.

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವಾಗ ಗಂಟೆಯಾಯಿತು. ಕೈ ಒರೆಸಿಕೊಂಡು ಓಡಿ ಎತ್ತಿದೆ.

"ಯಾರು ಮಾತಾಡೋದು? ಎಲ್ಲಿಂದ?"

ಆ ಕಡೆ ಏನೋ ಉಸಿರು ಎಳೆದ ಹಾಗೆ ಕೇಳಿತು. ಕರೆ ತುಂಡಾದೀತೆಂದು ದನಿ ಏರಿಸಿ ಕೇಳಿದೆ: "ಯಾರ್ರಿ? ಹೆಸರು ಹೇಳ್ರಿ ಮೊದ್ಲು!"

"ನಾನು... ಗಂಗಾ," ಅಂದಳು ನಾದಿನಿ.

ಅಷ್ಟು ಹೇಳಿ ಅವಳು ಬಿಕ್ಕತೊಡಗಿದಳು. ಏನಾಯಿತೆಂದು ನಾನು ಕೇಳಲಿಲ್ಲ. ಮಾವ ಇನ್ನಿಲ್ಲವೆಂದು ಅದರಲ್ಲೇ ತಿಳಿದು, ಗೋಡೆ ಹಿಡಿದು ನಿಂತೆ. ಅವಳು ಅಲ್ಲಿ ಅಳುತ್ತಿದ್ದಳು, ನಾನು ಇಲ್ಲಿ. ನಡುವೆ ಎಕ್ಸ್‌ಚೇಂಜಿನವರು ಬಂದು, "ಹೊತ್ತು ಮುಗೀತ್ರಿ, ಇನ್ನೂ ಮಾತಾಡ್ತೀರೇನು?" ಎಂದು ಕೇಳಿದರು.

"ಹೌದ್ರಿ, ಮಾತಾಡ್ತೀವಿ. ಕಡೀಬ್ಯಾಡ್ರಿ," ಅಂದೆ.