ಅಲ್ ವುಕೈರ್‌ನ ಹೊಸ ವಾರ್ಡು

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ದೋಹಾದಲ್ಲಿ ಇಳಿದೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟದ್ದೇ ತಡ, ಕನ್ನಡಕಕ್ಕೆ ಆವಿ ಕಟ್ಟಿ ಏನೂ ಕಾಣಲಿಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ವಾರ್ಡುಗಳ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ದೋಹಾದ ಹೊರವಲಯದ ಅಲ್ ವುಕೈರ್‌ನ ಖಾಸಗಿ ಆಸ್ಪತ್ರೆಯೊಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ವಿಮೆ ಇರುವವರಿಗಾಗಿ ಹೊಸ ವಾರ್ಡು ಕಟ್ಟಿತ್ತು. ಆಫೀಸಿನವರಿಗೂ ಕೂಲಿಯವರಿಗೂ ಒಂದೇ ಮಾದರಿ. ಭಾನುವಾರ ತೆರೆಯುವ ಮೊದಲು ಹೊರಗಿನವರೊಬ್ಬರು ನೋಡಿ ಸಹಿ ಹಾಕಬೇಕೆಂದು ನನ್ನನ್ನು ಕರೆಸಿದ್ದರು.

ಅಲ್ ಥುಮಾಮಾದ ಹೋಟೆಲಿನಲ್ಲಿ ಚೀಲ ಇಟ್ಟು ನೇರ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊಣೆ ಹೊತ್ತ ಸಿಸ್ಟರ್ ಐರಿನ್ ಬಂಟ್ವಾಳದವರು. ಏಲಕ್ಕಿ ಹಾಕಿದ ಕರಕ್ ಚಹಾ ಕೈಗಿತ್ತು ಎಂಟು ಕೋಣೆಗಳನ್ನೂ ತೋರಿಸಿದರು. ಕೋಣೆಗೆ ನಾಲ್ಕೇ ಮಂಚ, ನಡುವೆ ಪರದೆ, ಕೈಗೆಟುಕುವ ಕರೆಗಂಟೆ, ಒಳಗೇ ಬಚ್ಚಲುಮನೆ. ತಪಾಸಣೆಯ ಪಟ್ಟಿಯಲ್ಲಿ ಎಲ್ಲದಕ್ಕೂ ಗುರುತು ಬಿದ್ದಿತ್ತು.

ಪಟ್ಟಿ ನೋಡಿದ ಮೇಲೆ ರೋಗಿಯಂತೆ ಇದ್ದು ನೋಡುವುದು ನನ್ನ ಅಭ್ಯಾಸ. ಗಾಲಿಕುರ್ಚಿ ತರಿಸಿ, ಕೂತು, ಬಚ್ಚಲಿಗೆ ಹೋದೆ. ಕುರ್ಚಿಯೇನೋ ಒಳಗೆ ಹೋಯಿತು. ಆದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಕುರ್ಚಿಗೆ ತಗುಲಿ ಮುಚ್ಚಲೇ ಇಲ್ಲ. ಎಂಟೂ ಕೋಣೆಗಳಲ್ಲಿ ಅದೇ ಕತೆ.

ಜೊತೆಗಿದ್ದ ಆಸ್ಪತ್ರೆಯ ಮ್ಯಾನೇಜರ್, ಬೆಂಗಳೂರಿನವರು, ಗಡಿಯಾರ ನೋಡಿಕೊಂಡರು. "ಲಿಸ್ಟ್‌ನಲ್ಲಿ ಬಾತ್‌ರೂಮ್ ಒಳಗಿರ್ಬೇಕು ಅಂತಷ್ಟೇ ಇದೆ ಮೇಡಂ. ಇದೆಯಲ್ಲ? ಸೈನ್ ಮಾಡಿ, ಆಮೇಲೆ ನೋಡೋಣ."

ನಾನು ಪೆನ್ನು ತೆಗೆಯಲಿಲ್ಲ. ಆದರೂ ಒಳಗೊಳಗೇ ಅಳುಕು. ಕರೆಸಿದವರು ಅವರು, ಟಿಕೆಟ್ಟೂ ಅವರದೇ.

ಫೋನ್ ಬಂದು ಮ್ಯಾನೇಜರ್ ಆಚೆ ಹೋದಾಗ ಐರಿನ್ ಮೆಲ್ಲಗೆ ಹೇಳಿದರು. "ಸೈನ್ ಹಾಕ್ಬೇಡಿ ಮೇಡಂ. ಬಾಗಿಲು ಹಾಕ್ಲಿಕ್ಕೆ ಕುರ್ಚಿಯಿಂದ ಎದ್ದು ಬಿದ್ದವರನ್ನು ಎತ್ತುವವರು ನಾವೇ ಅಲ್ವಾ? ಬಾಗಿಲು ತೆರೆದಿಟ್ಟು ಕೂರುವವರ ನಾಚಿಕೆ ನೋಡಿದವರೂ ನಾವೇ."

ದುರಸ್ತಿ ವಿಭಾಗದ ಹಮೀದ್ ಭಾಯ್ ಕರೆಗಂಟೆ ಪರೀಕ್ಷಿಸುತ್ತ ಅಲ್ಲೇ ಇದ್ದರು. ಉಪ್ಪಿನಂಗಡಿಯವರು, ಕತಾರ್‌ನಲ್ಲಿ ಇಪ್ಪತ್ತು ವರ್ಷ ಕಳೆದವರು. ಬಾಗಿಲ ಕೀಲು ಬೆರಳಿಂದ ಮುಟ್ಟಿ ನೋಡಿದರು.

"ಅಗಲ ಅಳೆದದ್ದು ನಾನೇ ಮಾರ್ರೆ. ಕುರ್ಚಿ ಹೋಗ್ತದಾ ಅಂತ ನೋಡಿದೆ. ಹೋದವನು ಬಾಗಿಲು ಹಾಕ್ಬೇಕು ಅನ್ನುವುದು ತಲೆಗೆ ಹೊಳೀಲಿಲ್ಲ. ಕೀಲು ತಿರುಗಿಸಿ ಹೊರಗೆ ತೆರೆಯುವ ಹಾಗೆ ಮಾಡುವ. ಆದರೆ ದಿನಕ್ಕೆ ಒಂದೇ ಕೋಣೆ ಆದೀತು."

ವಾಪಸು ಬಂದ ಮ್ಯಾನೇಜರನ್ನು ಐರಿನ್ ಗಾಲಿಕುರ್ಚಿಯಲ್ಲಿ ಕೂರಿಸಿ ಬಚ್ಚಲೊಳಗೆ ತಳ್ಳಿದರು. ಬಾಗಿಲು ಎರಡು ಸಲ ಕುರ್ಚಿಗೆ ಬಡಿದ ಸದ್ದು ಕೇಳಿತು. ಹೊರಗೆ ಬಂದವರು, "ಖಲಾಸ್, ಆಯ್ತು. ಭಾನುವಾರಕ್ಕೆ ರೆಡಿ ಆದಷ್ಟು ಕೋಣೆ ಮಾತ್ರ ತೆರೆಯೋಣ," ಎಂದರು.

ಶುಕ್ರವಾರ ರಜೆ. ಐರಿನ್ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನುಸಾರು ಉಂಡು ಆಸ್ಪತ್ರೆಗೆ ಬಂದಾಗ ಹಮೀದ್ ನಮಾಜ್ ಮುಗಿಸಿ ಮೊದಲ ಬಾಗಿಲಿಗೆ ಕೈ ಹಾಕಿದ್ದರು. ಶನಿವಾರ ಎರಡನೆಯದು. ಆ ಎರಡಕ್ಕೆ ಮಾತ್ರ ಸಹಿ ಹಾಕಿದೆ.

ಭಾನುವಾರ ಮೊದಲು ಬಂದವನು ನೇಪಾಳದ ಅಡುಗೆಯವನು, ಕಾಲಿಗೆ ಪ್ಲಾಸ್ಟರ್. ಸಹಾಯ ಬೇಕೇ ಎಂದು ಐರಿನ್ ಹಿಂದಿಯಲ್ಲಿ ಕೇಳಿದರು. ಅವನು ಬೇಡವೆಂದು ತಲೆಯಲ್ಲಾಡಿಸಿ, ತಾನೇ ಗಾಲಿ ತಳ್ಳಿಕೊಂಡು ಬಚ್ಚಲಿಗೆ ಹೋದ. ಬಾಗಿಲು ಮುಚ್ಚಿತು. ಬಹಳ ಹೊತ್ತು ನಲ್ಲಿಯ ಸದ್ದು. ಮುಖ ತೊಳೆದು, ಕೂದಲು ಬಾಚಿ ಹೊರಬಂದು, "ಈ ವಾರದಲ್ಲಿ ಇವತ್ತೇ ಒಬ್ಬನೇ ಹೋದದ್ದು," ಎಂದು ನಕ್ಕ.

ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿ ಬಂತೆಂದು ಕೆಳಗಿನಿಂದ ಕರೆ ಬಂತು. ಲಿಫ್ಟಿನ ಬಳಿ ನಿಂತು ಹಿಂತಿರುಗಿ ನೋಡಿದೆ. ಹಮೀದ್ ಭಾಯ್ ಮೂರನೆಯ ಕೋಣೆಯ ಬಾಗಿಲನ್ನು ಕಳಚಿ, ಹೆಗಲಿಗೆ ಹೊತ್ತು ಹೊರಗೆ ತರುತ್ತಿದ್ದರು.