ಈಚೆ ಗೂಡಿನ ಕೋಳಿಗಳ ಪಾಲು

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಆ ದಿನವೂ ಫಲಿತಾಂಶ ಕೈಗೆ ಬಂದ ಅರ್ಧ ಗಂಟೆಯಲ್ಲಿ ಇಡೀ ಲ್ಯಾಬಿಗೆ ಗೋಳಿಬಜೆ ತರಿಸಿಬಿಟ್ಟಿದ್ದೆ.

ಕೆಲಸ ಇಷ್ಟೇ. ಕೋಳಿಗಳ ಮೇವಿಗೆ ಬೆರೆಸುವ ಸತುವಿನ ಒಂದು ಹೊಸ ಪುಡಿ ಪರೀಕ್ಷೆಗೆ ಬಂದಿತ್ತು. ನ್ಯಾನೋ ಪುಡಿ. ಅದರ ಕಣಗಳು ಎಷ್ಟು ಸಣ್ಣವೆಂದರೆ ಒಂದು ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಬಹುದು. ಅಷ್ಟು ಸಣ್ಣದಾದರೆ ದೇಹದಲ್ಲಿ ಎಲ್ಲಿಗೆ ಹೋಗಿ ಕೂರುತ್ತದೆ, ಮೊಟ್ಟೆಯ ದಾರಿಯಾಗಿ ನಮ್ಮ ತಟ್ಟೆಗೂ ಬರುತ್ತದೆಯೇ ಎಂದು ನೋಡುವುದು ನನ್ನ ಜವಾಬ್ದಾರಿ. ವಾಮಂಜೂರಿನಲ್ಲಿ ನಮ್ಮ ಕಾಲೇಜಿನ ಹಿಂದೆ ಎರಡು ಗೂಡು ಮಾಡಿಸಿದ್ದೆವು. ಆಚೆ ಗೂಡಿನ ಕೋಳಿಗಳಿಗೆ ಪುಡಿ ಬೆರೆಸಿದ ಮೇವು, ಈಚೆಯವಕ್ಕೆ ಬರೀ ಮೇವು. ಆರು ವಾರದ ಮೇಲೆ ಮೊಟ್ಟೆಗಳನ್ನು ಪರೀಕ್ಷಿಸಿದರೆ ಎರಡೂ ಗೂಡುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಎರಡರಲ್ಲೂ ಸತು ಮೊದಲಿಗಿಂತ ತುಸು ಏರಿತ್ತು, ನಿಜ. ಮೇವಿನ ಹೊಸ ಮೂಟೆಯಿಂದ ಇರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪುಡಿಯಿಂದ ಮೊಟ್ಟೆಗೇನೂ ಆಗುವುದಿಲ್ಲ ಎಂದು ವರದಿ ಬರೆದೂ ಆಯಿತು. ಮರುದಿನ ಸಹಿ ಹಾಕಿ ಕಳಿಸುವುದೊಂದೇ ಬಾಕಿ.

ಉಳಿದ ಗೋಳಿಬಜೆ ಕಟ್ಟಿಕೊಂಡು, ಕೋಳಿ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸಿನ ಬಳಿ ಹೋದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಪಕ್ಕದ ಗದ್ದೆಯ ಆಚೆಗೇ ಮನೆ. ಮನೆಗೆ ಒಂದೇ ಬಂಗುಡೆ ಮೀನು ಬಂದರೂ ಅದನ್ನು ಎಲ್ಲರ ತಟ್ಟೆಗೂ ಹಂಚಿ ಬೆಳೆದವರು. ನಿಮ್ಮ ಆರೈಕೆಯಿಂದಲೇ ಕೆಲಸ ಚೆನ್ನಾಗಿ ಆಯಿತು ಎಂದು ಹೊಗಳಿದೆ. ಅವರ ಮುಖ ಅರಳಿತು.

"ಮತ್ತೆಂತ ಮೇಡಂ, ನೀವು ಆಚೆಯವಕ್ಕೆ ಮಾತ್ರ ಒಳ್ಳೆ ಪುಡಿ ಇಟ್ಟದ್ದು. ಈಚೆಯವು ಎಂತ ಪಾಪ ಮಾಡಿದ್ದಾವೆ? ನಾನು ಎರಡೂ ಬಕೆಟಿನ ಮೇವು ಒಟ್ಟು ಮಾಡಿ ಸಮ ಸಮ ಹಾಕಿದ್ದೇನೆ."

ನನ್ನ ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ಇನ್ನು ವ್ಯತ್ಯಾಸ ಎಲ್ಲಿಂದ ಬರಬೇಕು? ಮೊದಲು ಸಿಟ್ಟು ನೆತ್ತಿಗೇರಿತು, ಆಮೇಲೆ ನಗು ಬಂತು, ಅದರ ಬೆನ್ನಿಗೇ ಹೆದರಿಕೆ. ಸಹಿ ಹಾಕಿಬಿಟ್ಟಿದ್ದರೆ ನನ್ನ ಮಾತನ್ನು ನಂಬಿ ಯಾರ್ಯಾರೋ ಆ ಮೊಟ್ಟೆ ತಿನ್ನುತ್ತಿದ್ದರು. ಅಕ್ಕನನ್ನು ಬೈಯಲು ಬಾಯಿ ಬರಲಿಲ್ಲ. ಈಚೆಯವಕ್ಕೆ ಬರೀ ಮೇವು ಯಾಕೆಂದು ಆರು ವಾರದಲ್ಲಿ ನಾನು ಒಮ್ಮೆಯೂ ಅವರಿಗೆ ಹೇಳಿರಲಿಲ್ಲ.

ಅಲ್ಲೇ ಕೆಂಪುಕಲ್ಲಿನ ಮೇಲೆ ಕೂತು ಹೇಳಿದೆ. ಪುಡಿ ತಿನ್ನದ ಕೋಳಿಗಳಿದ್ದರೆ ತಾನೇ ತಿಂದವಕ್ಕೆ ಏನಾಯಿತೆಂದು ತಿಳಿಯುವುದು? ಹಾಗಾದರೆ ಮೊದಲಿನಿಂದ ಮಾಡುವ ಎಂದರು ಅಕ್ಕ. ವರದಿ ಹರಿದೆ. ಹೊಸ ಕೋಳಿಗಳು ಬಂದವು. ಈ ಬಾರಿ ಅಕ್ಕನ ಕಾವಲು ಹೇಗಿತ್ತೆಂದರೆ, ಸೋಪು ಹಾಕಿ ಕೈ ತೊಳೆಯದೆ ನನ್ನನ್ನೇ ಈಚೆ ಗೂಡಿನ ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ಕೋಳಿ ನೋಡಲು ಬಂದ ಪ್ರಾಂಶುಪಾಲರನ್ನೂ ನಲ್ಲಿಯ ಕಡೆಗೆ ಅಟ್ಟಿದ್ದರು.

ಎರಡನೇ ಸಲ ವ್ಯತ್ಯಾಸ ಕಂಡಿತು. ಆಚೆಯವುಗಳ ಮೊಟ್ಟೆಯಲ್ಲಿ ಸತು ಏರಿತ್ತು, ಈಚೆಯವುಗಳಲ್ಲಿ ಮೊದಲಿದ್ದಷ್ಟೇ ಇತ್ತು. ಸುರಕ್ಷಿತ ಎನ್ನಲು ಇಷ್ಟು ಸಾಲದು, ಇನ್ನೂ ಪರೀಕ್ಷೆ ಆಗಬೇಕು ಎಂದು ಬರೆದು ಸಹಿ ಹಾಕಿದೆ. ಗೋಳಿಬಜೆ ತರಿಸುವಂಥ ಸುದ್ದಿಯಲ್ಲ, ಆದರೂ ಮನಸ್ಸು ಹಗುರಾಗಿತ್ತು. ಹೋಗಿ ಹೇಳಿದಾಗ ಅಕ್ಕ ಈಚೆ ಗೂಡಿನ ಮುಂದೆಯೇ ನಿಂತಿದ್ದರು.

"ಹಾಗಾದ್ರೆ ಮೇಡಂ, ಎಂತದೂ ಸಿಗದ ಇವೇ ಅಲ್ವಾ ನಿಮ್ಮ ಮರ್ಯಾದೆ ಉಳಿಸಿದ್ದು?"

ಹೌದೆಂದೆ. ಇನ್ನಾದರೂ ಬಸಳೆ ಸೊಪ್ಪು ಹಾಕಬಹುದಾ ಎಂದು ಅನುಮತಿ ಕೇಳಿದರು. ಎರಡೂ ಗೂಡಿಗೆ ಹಾಕಿ, ಈಚೆಯವಕ್ಕೆ ಒಂದು ಹಿಡಿ ಹೆಚ್ಚೇ ಇರಲಿ ಎಂದೆ.